ಮ್ಯಾಡ್ ಅಂದ್ರೆ ಹುಚ್ಚೋ, ಸಿಟ್ಟೋ?

'ಐ ಆಮ್ ಮ್ಯಾಡ್ ಅಟ್ ಯು' ಅಂತ ಅಮೆರಿಕದವರು ಹೇಳಿದರೆ ಅವರಿಗೆ ತಲೆ ಕೆಟ್ಟಿದೆ ಅಂತಲ್ಲ, ನಿಮ್ಮ ಮೇಲೆ ಸಿಟ್ಟು ಬಂದಿದೆ ಅಂತ. ಬ್ರಿಟನ್ನಿನಲ್ಲಿ 'ಆರ್ ಯು ಮ್ಯಾಡ್?' ಅಂದರೆ ಮಾತ್ರ ಸಾಮಾನ್ಯವಾಗಿ 'ನಿನಗೇನು ಹುಚ್ಚಾ?' ಅಂತಲೇ. ಸಿಟ್ಟಿನ ಅರ್ಥವನ್ನು ಅಮೆರಿಕದವರು ಹೊಸದಾಗಿ ಸೇರಿಸಿದ್ದು ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ, ಆದರೆ ಅಮೆರಿಕ ಅನ್ನೋ ದೇಶ ಹುಟ್ಟೋಕೆ ಶತಮಾನಗಳ ಮುಂಚೆಯೇ ಇಂಗ್ಲೆಂಡಿನಲ್ಲಿ ಅದು ಬಳಕೆಯಲ್ಲಿತ್ತು.

ಅರ್ಥ ತಿಳಿಯೋಕೆ ಪಕ್ಕದ ಪುಟ್ಟ ಪದ ನೋಡಿ. 'ಮ್ಯಾಡ್ ಅಟ್' ಅಂದರೆ ಸಿಟ್ಟು. 'ಮ್ಯಾಡ್ ಅಬೌಟ್ ಕ್ರಿಕೆಟ್' ಅಂದರೆ ಕ್ರಿಕೆಟ್ ಹುಚ್ಚು, ಅಂದರೆ ಸಿಕ್ಕಾಪಟ್ಟೆ ಇಷ್ಟ. 'ಲೈಕ್ ಮ್ಯಾಡ್' ಅಂದರೆ ಹುಚ್ಚೂ ಇಲ್ಲ, ಸಿಟ್ಟೂ ಇಲ್ಲ, ಸುಮ್ನೆ ವಿಪರೀತ ಅಂತ.

ನನಗೆ ಇಷ್ಟವಾದದ್ದು 'ಮ್ಯಾಡ್ ಆಸ್ ಎ ಹ್ಯಾಟರ್'. ಹ್ಯಾಟರ್ ಅಂದರೆ ಟೋಪಿ ಮಾಡುವವನು, ಇಡೀ ಮಾತಿನ ಅರ್ಥ ಪೂರ್ತಿ ಹುಚ್ಚು ಅಂತ. ಹಿಂದೆ ಪ್ರಾಣಿಗಳ ತುಪ್ಪಳದಿಂದ ಟೋಪಿ ಮಾಡುವಾಗ ಪಾದರಸದ ದ್ರಾವಣ ಬಳಸುತ್ತಿದ್ದರು. ಗಾಳಿಯಾಡದ ಕೋಣೆಯಲ್ಲಿ ಅದರ ಆವಿ ಕುಡಿದು ಕುಡಿದು ಕೆಲಸಗಾರರ ಕೈ ನಡುಗುತ್ತಿತ್ತು, ನಾಲಿಗೆ ತೊದಲುತ್ತಿತ್ತು, ಸುಮ್ಮಸುಮ್ಮನೆ ರೇಗುತ್ತಿದ್ದರು. ಹುಚ್ಚು, ಸಿಟ್ಟು ಎರಡೂ ಒಂದೇ ಕಡೆ ಬಂತು ನೋಡಿ! ಆ ಮಾತು ಹುಟ್ಟಿದ್ದು ಇದರಿಂದಲೇನಾ ಅನ್ನೋದಕ್ಕೆ ತಕರಾರಿದೆ, ಪಾದರಸದ ಕಾಟವಂತೂ ನಿಜ.

ವೈದ್ಯರು ಈಗ ಮಾನಸಿಕ ಕಾಯಿಲೆಗೆ ಈ ಪದ ಬಳಸುವುದಿಲ್ಲ. ಕಾಯಿಲೆ ಇರುವವರನ್ನು ಹಾಗೆ ಕರೆದರೆ ಅದು ಬೈಗುಳವೇ. ಹಸುಗಳ ಮಿದುಳಿಗೆ ಬರುವ ಕಾಯಿಲೆಯ ಹೆಸರು 'ಮ್ಯಾಡ್ ಕೌ ಡಿಸೀಸ್' ಮಾತ್ರ ಜನರ ಬಾಯಲ್ಲಿ ಉಳಿದಿದೆ, ಹಸು ಬೇಜಾರು ಮಾಡಿಕೊಳ್ಳಲ್ಲ ಅಲ್ವಾ.