ಮರದ ನೆನಪು: ಪತ್ತಾಯದ ಅಡಿಯಿಂದ

ಉಡುಪಿ, ಬ್ರಹ್ಮಾವರ ಕಡೆಯ ಹಳೆ ಮನೆಗಳ ಮರದ ಸಾಮಾನು ಬರೆದಿಡುವ ಕೆಲಸ ಮಳೆಗೆ ನಿಧಾನವಾಗಿದೆ. ಮಾತು ಮಾತ್ರ ಜಾಸ್ತಿ ಸಿಕ್ಕಿದೆ. ಈ ಮಳೆಯಲ್ಲಿ ಎಲ್ಲರೂ ಮನೆಯಲ್ಲೇ ಇರುತ್ತಾರೆ, ಅಲ್ವಾ?

ಈಗ ಕೇಳುವ ಕ್ರಮ ಬದಲಿಸಿದ್ದೇನೆ. "ಮಾಡಿದ್ದು ಯಾರು?" ಅಂದರೆ "ಯಾರೋ ಆಚಾರ್ರು" ಅಂತ ಮುಗಿದುಹೋಗುತ್ತದೆ. "ಈ ಮರ ಎಲ್ಲಿತ್ತು?" ಅಂದರೆ ಕಾಫಿ ಬರುತ್ತದೆ, ಕಥೆಯೂ ಬರುತ್ತದೆ. ಒಬ್ಬ ಅಜ್ಜಿ ಬಾವಿಕಟ್ಟೆಯ ಆಚೆಗೆ ಕೈ ತೋರಿಸಿದರು. "ಅಲ್ಲಿ ಹಲಸಿನ ಮರ ಇತ್ತು ಮಗಾ. ಹಣ್ಣೆಲ್ಲ ತುಳುವೆ, ಬರೀ ನೀರು. ಕಡಿದಾಗ ಯಾರಿಗೂ ಬೇಜಾರಾಗಲಿಲ್ಲ."

ಆ ಮರದ್ದೇ ಅವರ ಪತ್ತಾಯ. ಒಂದು ಕಾಲದಲ್ಲಿ ವರ್ಷದ ಭತ್ತ ತುಂಬುತ್ತಿದ್ದ ಪೆಟ್ಟಿಗೆ, ಈಗ ಹಳೆ ಪೇಪರಿನ ಗೋದಾಮು. ಎದುರಿಗೆ ಯಾವಾಗಲೋ ಕಂದು ಪೇಂಟ್ ಬಳಿದಿದ್ದಾರೆ, ಮರದ ಗುರುತೇ ಸಿಗುವುದಿಲ್ಲ. ಟಾರ್ಚ್ ಹಿಡಿದು ಅಡಿಗೆ ತೂರಿದೆ. ಅಲ್ಲಿಗೆ ಮರ ನುಣುಪು ಮಾಡುವ ಕೀಸುಳಿ ಮುಟ್ಟಿಸಿಯೇ ಇಲ್ಲ. ಮರ ಕೆತ್ತುವ ಬಾಚಿಯ ಏಟುಗಳು ಮೀನಿನ ಹುರುಪೆಯ ಹಾಗೆ ಸಾಲಾಗಿ ಹಾಗೇ ಉಳಿದಿವೆ. ಹಲಗೆಯ ಅಂಚಿನಲ್ಲಿ ಬೆರಳಗಲ ಬಿಳಿ ಮರ, ಅಂದರೆ ತೊಗಟೆಯ ಒಳಗಿನ ಮೆತ್ತನೆ ಭಾಗ, ಬಿಟ್ಟಿದ್ದಾರೆ. ಹುಳ ಅದನ್ನಷ್ಟೇ ತಿಂದು, ಮರದ ಗಟ್ಟಿ ತಿರುಳು ಚೇಗು ಸಿಕ್ಕಿದಲ್ಲಿ ಸೋತು ನಿಂತಿದೆ. ಎದುರಿನ ಹಲಗೆಗೆ ಒಳ್ಳೆಯ ಚೇಗು, ಕಾಣದ ಕಡೆಗೆ ಉಳಿದದ್ದು. ಆಚಾರ್ರ ಲೆಕ್ಕ ಸರಿಯಾಗಿಯೇ ಇತ್ತು.

ಮರ ಗುರುತಿಸುವುದೇ ತಲೆನೋವು. ಹಲಸು ಹೊಸದರಲ್ಲಿ ಹಳದಿ, ಹಳತಾದಂತೆ ಕೆಂಪು ಕಂದು. ಹಾಗಾಗಿ ಸ್ವಲ್ಪ ಕಪ್ಪಗಿದ್ದದ್ದೆಲ್ಲ ಮನೆಯವರ ಬಾಯಲ್ಲಿ ಬೀಟೆ! ವಾದ ಮಾಡಲು ಹೋಗುವುದಿಲ್ಲ. ಅವರು ಹೇಳಿದ್ದು ಒಂದು ಕಡೆ, ನನಗೆ ಕಂಡದ್ದು ಪಕ್ಕದಲ್ಲಿ ಬರೆಯುತ್ತೇನೆ. ಹೊನ್ನೆ ಅನ್ನುವ ಅನುಮಾನ ಬಂದರೆ ಒಂದು ಚಕ್ಕೆ ನೀರಿಗೆ ಹಾಕಿ ನೋಡಬಹುದು. ನೀರು ಕಂದಾಗಿ, ಬಿಸಿಲಿಗೆ ಹಿಡಿದರೆ ನೀಲಿ ಛಾಯೆ ಕಾಣುತ್ತದೆ. ಸಕ್ಕರೆ ಕಾಯಿಲೆಯವರು ನೀರಿಟ್ಟು ಕುಡಿಯುವ ಲೋಟ ಇದೇ ಮರದ್ದು. ಆದರೆ ಇನ್ನೊಬ್ಬರ ಮನೆಯ ಕುರ್ಚಿಯಿಂದ ಚಕ್ಕೆ ಕೀಳುವುದು ಹೇಗೆ?

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ನನ್ನ ಹತ್ತಿರ ಇರುವುದು ಮೊಬೈಲು, ಟೇಪು, ಒಂದು ನೋಟ್‌ಬುಕ್. ಸಾಮಾನು ಮನೆಯಲ್ಲೇ ಇರಲಿ, ಅದರ ಮರ ನಿಂತಿದ್ದ ಜಾಗ ನನ್ನ ನಕ್ಷೆಗೆ ಬಂದರೆ ಸಾಕು.

ಮುಂದಿನದು ಯಕ್ಷಗಾನದ ಮದ್ದಳೆಯ ಕಳಸಿಗೆ, ಅಂದರೆ ಅದರ ಮರದ ಒಡಲು. ಅದಕ್ಕೂ ಹಲಸು ಬಳಸುತ್ತಾರೆ. ಮೇಳಗಳು ತಿರುಗಾಟಕ್ಕೆ ಹೊರಡುವ ಮೊದಲೇ ಮಾಡುವವರನ್ನು ಮಾತಾಡಿಸಬೇಕು. ನಿಮ್ಮ ಮನೆಯಲ್ಲಿ ಪತ್ತಾಯ ಇದ್ದರೆ, ಪೇಂಟ್ ಹೊಡೆಸುವ ಮೊದಲು ಅಡಿಯದ್ದೊಂದು ಫೋಟೋ ತೆಗೆದಿಡಿ.