ಇನ್ನೊಂದು ಅರ್ಜಿ

29 ಏಪ್ರಿಲ್ 2024, ಸೋಮವಾರ
ಹನುಮಂತನಗರ, ರಾತ್ರಿ 10.40

ನಿನ್ನೆ 38.5 ಡಿಗ್ರಿಯಂತೆ. 2016ರ ಏಪ್ರಿಲ್‌ನಲ್ಲಿ ಒಂದು ದಿನ 39.2 ಆಗಿತ್ತು, ಅದಾದ ಮೇಲೆ ಇದೇ ಜಾಸ್ತಿ ಅಂತ ಪೇಪರ್‌ನಲ್ಲಿದೆ. ಪಂಚಾಂಗದ ಪ್ರಕಾರ ಭರಣಿ ಮಳೆ ಶುರುವಾಗಿದೆ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತ ಅತ್ತೆ ಬೆಳಗ್ಗೆಯಿಂದ ಎರಡು ಸಲ ಹೇಳಿದರು. ಬಂದರೆ ತಾನೇ? ಏಪ್ರಿಲ್ ಮುಗಿಯಲು ಒಂದೇ ದಿನ ಬಾಕಿ, ನಮ್ಮ ಬೀದಿಗೆ ಒಂದು ಹನಿ ಬಿದ್ದಿಲ್ಲ. ಶುಕ್ರವಾರದ ಎಲೆಕ್ಷನ್ ಡ್ಯೂಟಿಯ ಸುಸ್ತು ಇನ್ನೂ ಮೈಯಲ್ಲೇ ಇದೆ. ಬೆರಳಿನ ಶಾಯಿ ಕೂಡ.

ಇದನ್ನೆಲ್ಲ ಬರೆಯೋಕೆ ಕೂತಿದ್ದಲ್ಲ ನಾನು.

ಬೆಳಗ್ಗೆ ಹನ್ನೊಂದಕ್ಕೆ ಹೂವಿಗೆ ಹೋದೆ. ಮೂಲೆಯ ಹೂವಿನಮ್ಮನ ಹತ್ತಿರ. ಒಂದೂವರೆ ತಿಂಗಳಿಂದ ಆ ಮೂಲೆ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ಹೂವು ಗಾಂಧಿ ಬಜಾರಿಂದ ತರುತ್ತಿದ್ದೆ, "ಅಲ್ಲಿ ಸ್ವಲ್ಪ ಕಡಿಮೆ" ಅಂತ ಅತ್ತೆಗೆ ಹೇಳಿ. ಕಡಿಮೆಯೇನೂ ಇಲ್ಲ. ಇವತ್ತು ಈ ಬಿಸಿಲಲ್ಲಿ ಅಷ್ಟು ದೂರ ನಡೆಯೋಕೆ ಆಗಲಿಲ್ಲ, ಅಷ್ಟೇ.

ಅವರು ಅದೇ ಜಾಗದಲ್ಲಿ ಕೂತಿದ್ದರು. ಮರದ ಬುಡ ಇನ್ನೂ ಒಂದು ಗೇಣು ಉಳಿದಿದೆ. ಅದರ ಮೇಲೆ ಒದ್ದೆ ಗೋಣಿಚೀಲ ಹಾಸಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದಾರೆ. ತಲೆ ಮೇಲೆ ಸೆರಗು, ಸೆರಗಿನ ಮೇಲೆ ಇನ್ನೊಂದು ಒದ್ದೆ ಟವೆಲು. ಪಕ್ಕದಲ್ಲಿ ಕಡ್ಡಿ ಮುರಿದ ಕಪ್ಪು ಕೊಡೆ. ಕೊಡೆ ಅವರ ತಲೆಗಲ್ಲ, ಮಲ್ಲಿಗೆಗೆ ಹಿಡಿದಿತ್ತು.

"ಏನ್ ಟೀಚರಮ್ಮ, ಊರಿಗೆ ಹೋಗಿದ್ರಾ? ಕಾಣ್ಲೇ ಇಲ್ಲ."

"ಪೇಪರ್ ವ್ಯಾಲ್ಯುಯೇಷನ್ ಇತ್ತಮ್ಮ. ಆಮೇಲೆ ಎಲೆಕ್ಷನ್ನು."

ಎರಡೂ ಸುಳ್ಳಲ್ಲ. ನಿಜವೂ ಅಲ್ಲ.

ಎರಡು ಮೊಳ ಅಳೆದರು. ಯಾವಾಗಿನಂತೆ ಕೊನೆಯಲ್ಲಿ ನಾಲ್ಕು ಬೆರಳು ಕೊಸರು ಬಿಟ್ಟು ಕತ್ತರಿಸಿದರು. ದುಡ್ಡು ಕೊಟ್ಟು ತಿರುಗಿದೆ.

"ಒಂದ್ ಮಾತು ಕೇಳ್ಲಾ ಟೀಚರಮ್ಮ? ಬೇಜಾರ್ ಮಾಡ್ಕೋಬಾರ್ದು."

"ಕೇಳಿ."

"ಆ ಮರದ್ ಅರ್ಜಿ ನೀವೇ ಬರ್ದಿದ್ದಂತೆ? ನೀರಿನ ವಾಲ್ವ್ ಬಿಡೋರು ಹೇಳಿದ್ರು. ಎರಡೇ ತಿಂಗ್ಳಿಗೆ ಕೆಲಸ ಆಗೋಯ್ತಲ್ಲ! ಅಷ್ಟ್ ಚೆಂದಾಗಿ ಬರೀತಾರೆ ಅಂದ್ರು. ನಂಗೂ ಹಂಗೇ ಒಂದು ಬರ್ದುಕೊಡ್ರಮ್ಮ. ದೊಡ್ಡ ಛತ್ರಿ ಹಾಕ್ಕೊಳಕ್ಕೆ."

ನಾನು ಅವರ ಮುಖ ನೋಡಿದೆ. ಸಿಟ್ಟು ಹುಡುಕಿದೆ. ಇರಲಿಲ್ಲ. ಕುಟುಕಿದ್ದಾ ಅಂತ ಇನ್ನೊಂದು ಸಲ ನೋಡಿದೆ. ಅದೂ ಇರಲಿಲ್ಲ, ಅಥವಾ ಇದ್ದರೂ ನನಗೆ ಕಾಣಲಿಲ್ಲ. ಕುಟುಕಿದ್ದರೆ ಎಷ್ಟೋ ಸಮಾಧಾನ ಆಗುತ್ತಿತ್ತು. ನಾನೂ ಏನಾದರೂ ಹೇಳಿ ಜಗಳ ಮಾಡಿಕೊಂಡು ಮನೆಗೆ ಬರಬಹುದಿತ್ತು.

ಅವರು ಮಾತು ಮುಂದುವರಿಸಿದರು. ಬುಟ್ಟಿಯ ಅಡಿಯಿಂದ ಪ್ಲಾಸ್ಟಿಕ್ ಕವರು ತೆಗೆದು ಬೀದಿ ವ್ಯಾಪಾರಿಯ ಗುರುತಿನ ಚೀಟಿ ತೋರಿಸಿದರು. 2014ರಲ್ಲೇ ನಮ್ಮಂಥವರಿಗೆ ಅಂತ ಕಾನೂನು ಆಗಿದೆ, ಸುಮ್ಮನೆ ಎಬ್ಬಿಸೋ ಹಾಗಿಲ್ಲ ಅಂತ ಮಗ ಹೇಳಿದ್ದಾನಂತೆ. ದೊಡ್ಡ ಛತ್ರಿ ಹಾಕಿದರೆ ಬೋರ್ಡು ಮುಚ್ಚಿಹೋಗುತ್ತೆ ಅಂತ ಹಿಂದಿನ ಅಂಗಡಿಯವರ ತಕರಾರು.

"ಮೊದ್ಲು ಯಾರಿಗೂ ತಕರಾರಿಲ್ಲ, ಮರ ಇತ್ತಲ್ಲ," ಅಂದರು. "ಮಾರ್ಕೆಟ್ಟಿಂದ ನಾಕಕ್ಕೆ ತಂದ ಮೊಗ್ಗು ಸಂಜೆ ಏಳಾದ್ರೂ ಹಂಗೇ ಇರೋದು. ಈಗ ಹನ್ನೆರಡಕ್ಕೆಲ್ಲ ಕಂದೋಗ್ತದೆ. ಮಧ್ಯಾಹ್ನದ್ ಮೇಲೆ ಕೇಳೋರಿಲ್ಲ. ದಿನಾ ಅರ್ಧ ಬುಟ್ಟಿ ಸುರೀತೀನಿ."

"ಬರೆದುಕೊಡ್ತೀನಿ, ನಾಳೆ ಬರ್ತೀನಿ" ಅಂದೆ.

ಕ್ಷಮಿಸಿ ಅನ್ನಬೇಕಿತ್ತು. ಬಾಯಿಗೆ ಬಂದದ್ದು 'ನಾಳೆ'.

ಮನೆಗೆ ಬಂದು ಕೈಕಾಲು ತೊಳೆದು ಕೂತರೂ ಆ 'ಎರಡೇ ತಿಂಗ್ಳಿಗೆ' ಅನ್ನೋದು ಕಿವಿಯಲ್ಲೇ ಇತ್ತು. ಹೌದು, ಎರಡೇ ತಿಂಗಳು. ಜನವರಿ ಮಧ್ಯದಲ್ಲಿ ಬರೆದದ್ದು, ಮಾರ್ಚ್ ಮಧ್ಯದಲ್ಲಿ ಮರ ಇಲ್ಲ. ಅಷ್ಟು ಬೇಗ ಯಾಕಾಯಿತು ಅಂತ ನನಗೆ ಗೊತ್ತು.

ದಸರೆಗೆ ಕಾರು ಬಂತು. ಮೂಲೆಯ ಹೊಂಗೆ ಮರ ಬಿಟ್ಟರೆ ನಿಲ್ಲಿಸೋಕೆ ಜಾಗ ಇಲ್ಲ. ನಿಲ್ಲಿಸಿದ ಎರಡನೇ ದಿನಕ್ಕೇ ಕಾಗೆ, ಗೊರವಂಕ ಎಲ್ಲ ಸೇರಿ ಗಾಜಿನ ಮೇಲೆ ರಂಗೋಲಿ ಹಾಕಿದ್ದವು. ಬೆಳಗ್ಗೆ ಎದ್ದ ಕೂಡಲೆ ಇವರಿಗೆ ಅದೇ ಕೆಲಸ, ಬಕೆಟ್ಟು, ಬಟ್ಟೆ, ಗೊಣಗಾಟ. ಕಂತು ಕಟ್ಟೋದು ನಾವು, ಅನುಭವಿಸೋದು ಹಕ್ಕಿಗಳು ಅಂತ ಒಂದು ದಿನ ನಾನೇ ಹೇಳಿದೆ. ನಗೋಕೆ ಹೇಳಿದ್ದು. ಇವರು ನಗಲಿಲ್ಲ.

ಬೆಂಗಳೂರಲ್ಲಿ ಮರ ಕಡಿಸಬೇಕೆಂದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕಾರು ಗಲೀಜಾಗುತ್ತೆ ಅಂತ ಬರೆದರೆ ಯಾರು ಕೊಡುತ್ತಾರೆ? ಅಪಾಯ ಅಂತ ಬರೆಯಬೇಕು. ಅದನ್ನು ಬರೆಯೋಕೆ ಮನೆಯಲ್ಲೇ ಒಬ್ಬಳು ಕನ್ನಡ ಟೀಚರ್ ಇದ್ದಾಳಲ್ಲ!

ಇವರಿಂದ, ಇವರಿಗೆ, ಮಾನ್ಯರೇ, ವಿಷಯ. ಹತ್ತನೇ ಕ್ಲಾಸಿನವರಿಗೆ ಪತ್ರಲೇಖನ ಹೇಳಿಕೊಟ್ಟು ಹೇಳಿಕೊಟ್ಟು ನನಗೆ ನಿದ್ದೆಯಲ್ಲೂ ಬರುತ್ತೆ. "ಸದರಿ ಮರವು ಒಣಗಿದ್ದು, ರಸ್ತೆಯ ಕಡೆಗೆ ವಾಲಿದ್ದು, ಯಾವ ಕ್ಷಣದಲ್ಲಾದರೂ ಬೀಳುವ ಸಂಭವವಿರುತ್ತದೆ. ಪ್ರತಿದಿನ ನೂರಾರು ಶಾಲಾ ಮಕ್ಕಳು ಇದರ ಕೆಳಗೆ ಓಡಾಡುತ್ತಾರೆ." ಆ ಮಕ್ಕಳ ವಾಕ್ಯ ಬರೆದಾಗ ನನಗೇ ಖುಷಿಯಾಗಿತ್ತು. ಕೆಲಸ ಆಗುತ್ತೆ ಅಂತ ಆಗಲೇ ಗೊತ್ತಾಯಿತು. ಐದಕ್ಕೆ ಐದು ಅಂಕ.

ಮರ ಸ್ವಲ್ಪ ವಾಲಿತ್ತು, ನಿಜ. ಒಣಗಿರಲಿಲ್ಲ. ಎಲೆ ಹಳದಿಯಾಗಿತ್ತು, ಅಷ್ಟೇ. ಹೊಂಗೆ ಎಲೆ ಉದುರಿಸೋ ಕಾಲ ಅದು. ಪ್ರತಿ ವರ್ಷ ಉದುರಿಸುತ್ತೆ, ಯುಗಾದಿ ಹೊತ್ತಿಗೆ ಹೊಸ ಚಿಗುರು ಹೊತ್ತು ತಣ್ಣಗೆ ನಿಲ್ಲುತ್ತೆ, ಆಮೇಲೆ ಬೀದಿ ತುಂಬ ಮಂಡಕ್ಕಿ ಚೆಲ್ಲಿದ ಹಾಗೆ ಹೂವು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನೋಡಿದ್ದೇನೆ. ಗೊತ್ತಿದ್ದೇ ಆ ಹಳದಿ ಎಲೆಗಳ ಫೋಟೊ ತೆಗೆದು ಅರ್ಜಿಗೆ ಅಂಟಿಸಿದೆ.

ಮೊದಲ ಸಹಿ ನನ್ನದು. ಆಮೇಲೆ ಇವರು ಬೀದಿಯಲ್ಲಿ ಹಿಡಿದುಕೊಂಡು ಹೋದರು. ಎದುರು ಮನೆಯವರು ಓದಲೂ ಇಲ್ಲವಂತೆ, "ಮೇಡಂ ಹಾಕಿದ್ದಾರೆ ಅಂದ್ಮೇಲೆ ಸರಿ ಇರುತ್ತೆ" ಅಂತ ಹಾಕಿಕೊಟ್ಟರಂತೆ. ಒಟ್ಟು ಏಳು ಸಹಿ. ಇಷ್ಟು ದಿನ ನಾನು ಆ ಏಳನ್ನು ಹಿಡಿದುಕೊಂಡೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ, ಏಳು ಜನ ಸೇರಿ ಕೇಳಿದ್ದು, ನಾನೊಬ್ಬಳೇ ಅಲ್ಲ ಅಂತ. ಆದರೆ ಉಳಿದ ಆರು ಸಹಿ ಮರ ನೋಡಿ ಬಿದ್ದದ್ದಲ್ಲ. ನನ್ನ ಸಹಿ ನೋಡಿ ಬಿದ್ದದ್ದು.

ಕಡಿದ ದಿನ ನಾನು ಸ್ಕೂಲಲ್ಲಿದ್ದೆ. ಸಂಜೆ ಬಂದಾಗ ಕೊಂಬೆಗಳನ್ನು ಲಾರಿಗೆ ತುಂಬುತ್ತಿದ್ದರು. ತುದಿಗಳಲ್ಲಿ ಚಿಗುರು ಆಗಲೇ ಬಂದಿತ್ತು. ಬುಡ ಪೂರ್ತಿ ಗಟ್ಟಿ, ಒಂದು ಪೊಟರೆ ಇಲ್ಲ. "ಇನ್ನೂ ಎಷ್ಟೋ ವರ್ಷ ಇರ್ತಿತ್ತು ಮೇಡಂ" ಅಂತ ಗರಗಸದ ಹುಡುಗ ಹೇಳಿದ, ಕೇಳದಿದ್ದರೂ. ನಾನು ಬೇಗ ಬೇಗ ಗೇಟು ತೆಗೆದು ಒಳಗೆ ಬಂದೆ.

ಅತ್ತೆ ಆವತ್ತು ರಾತ್ರಿ ಊಟ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದರು. ಆ ಮರ 1980ರ ದಶಕದ್ದು. ನೇಗಿನಹಾಳರು ಅರಣ್ಯ ಅಧಿಕಾರಿಯಾಗಿ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಗಿಡ ನೆಡಿಸಿದ ಕಾಲದ್ದು. ನೆಟ್ಟು ಹೋದ ಮೇಲೆ ಮೊದಲ ಎರಡು ಬೇಸಿಗೆ ಅಕ್ಕಿ ತೊಳೆದ ನೀರು ಹಾಕಿ ಉಳಿಸಿಕೊಂಡದ್ದು ಅತ್ತೆ. ನನಗೆ ಇದು ಗೊತ್ತಿರಲಿಲ್ಲ ಅಂತ ಬರೆಯೋಣ ಅನಿಸುತ್ತಿದೆ. ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಅವರೇ ಹೇಳಿದ್ದರು.

ಈಗ ಕಾರಿನ ಕಥೆ ಕೇಳಿ. ಮಾರ್ಚ್‌ನಲ್ಲೇ ಜಲಮಂಡಳಿ ಆದೇಶ ಬಂತು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ. ಹಕ್ಕಿ ಇಲ್ಲ, ಹಿಕ್ಕೆ ಇಲ್ಲ, ಆದರೆ ಮೇಲೆ ಒಂದು ಬೆರಳು ಧೂಳು. ನೆರಳಿಲ್ಲದೆ ಒಳಗೆ ಒಲೆ. ನಿನ್ನೆ ಮಧ್ಯಾಹ್ನ ಪುಟ್ಟಿ ಸೀಟಿನ ಬಕಲ್ ಮುಟ್ಟಿ ಕೈ ಸುಟ್ಟುಕೊಂಡಳು. ಇವರು ಸ್ಟೇರಿಂಗ್‌ಗೆ ಒದ್ದೆ ಟವೆಲು ಸುತ್ತಿ ಓಡಿಸುತ್ತಾರೆ. ಇವತ್ತು ಹೂವಿನಮ್ಮನ ತಲೆ ಮೇಲಿನ ಟವೆಲು ನೋಡಿದಾಗ ಮೊದಲು ನೆನಪಾದದ್ದು ಅದೇ. ಎರಡೂ ಒಂದೇ ತರಹದ್ದು, ನೀಲಿ ಅಂಚು.

ಪುಟ್ಟಿಯ ಹತ್ತಿರ ಎಲ್ಲ ಹೇಳಿದೆ. ಅವಳಿಗೆ ಹದಿನಾಲ್ಕು, ಎಲ್ಲದಕ್ಕೂ ಒಂದೇ ಸಾಲಿನ ಉತ್ತರ ಇದೆ.

"ಸಾರಿ ಕೇಳಿದ್ಯಾಮ್ಮ?"

"ಇಲ್ಲ."

"ಯಾಕೆ?"

ಯಾಕೆ? ಸಾರಿ ಅಂದರೆ ಅವರು "ಅಯ್ಯೋ ಬಿಡಿ ಟೀಚರಮ್ಮ" ಅಂತಾರೆ. ಅನ್ನಲೇಬೇಕು, ನಾನು ಗಿರಾಕಿ. ಆಮೇಲೆ ನಾನು ಹಗುರಾಗಿ ಮನೆಗೆ ಬರುತ್ತೇನೆ, ಅವರು ಬಿಸಿಲಲ್ಲೇ ಕೂತಿರುತ್ತಾರೆ. ಕೇಳದೇ ಇರೋಕೆ ಇದೇ ಕಾರಣ ಅಂತ ಪುಟ್ಟಿಗೆ ಹೇಳಿದೆ. ಹೇಳುವಾಗ ಚೆನ್ನಾಗಿಯೇ ಇತ್ತು. ಈಗ ಬರೆಯುವಾಗ ಇದೂ ಅರ್ಜಿಯ ಭಾಷೆಯೇ ಅನಿಸುತ್ತಿದೆ. ಹೆದರಿಕೆ ಆಯಿತು, ಅಷ್ಟೇ ಅಲ್ವಾ?

ಇವರದು ಇನ್ನೂ ಸುಲಭ. "ಬರೆದುಕೊಡು, ಅದರಲ್ಲೇನಿದೆ? ಬೇಕಾದ್ರೆ ಛತ್ರಿ ನಾವೇ ತೆಗೆಸಿಕೊಡೋಣ." ಟಿವಿ ಕಡೆ ನೋಡುತ್ತಲೇ ಹೇಳಿದರು. ಅವರ ಮೇಲೆ ಸಿಟ್ಟು ಬಂತು. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಛತ್ರಿ ಕೊಡಿಸೋಣ ಅನ್ನೋದು ನನಗೆ ಹೊಳೆದೂ ಇರಲಿಲ್ಲ.

ಒಂಬತ್ತನೇ ಕ್ಲಾಸಿನವರಿಗೆ ಪ್ರತಿ ವರ್ಷ ಪ್ರಬಂಧ ಕೊಡುತ್ತೇನೆ, ಮರಗಳ ಮಹತ್ವ. ಎಲ್ಲರೂ ಸಾಲುಮರದ ತಿಮ್ಮಕ್ಕನವರಿಂದ ಶುರು ಮಾಡುತ್ತಾರೆ, ಹುಲಿಕಲ್‌ನಿಂದ ಕುದೂರಿನ ತನಕ ಆಲದ ಮರ. ಜೂನ್‌ನಲ್ಲಿ ಮತ್ತೆ ಕೊಡಬೇಕು. ಈ ಸಲ ಬೇರೇನಾದರೂ ಕೊಟ್ಟರಾಯಿತು. ಗ್ರಂಥಾಲಯದ ಮಹತ್ವ.

ರಾತ್ರಿ ಊಟ ಆದ ಮೇಲೆ ಬಿಳಿ ಹಾಳೆ ತೆಗೆದುಕೊಂಡು ಕೂತೆ. ಇವರಿಂದ: ಹೂವಿನಮ್ಮನ ಹೆಸರು ಬರೆಯಬೇಕು. ಇಷ್ಟು ವರ್ಷ ಹೂವು ತೆಗೆದುಕೊಂಡಿದ್ದೇನೆ, ಹೆಸರು ಗೊತ್ತಿಲ್ಲ. ಬೆಳಗ್ಗೆ ಗುರುತಿನ ಚೀಟಿ ಕೈಗೆ ಕೊಟ್ಟಿದ್ದರು, ನಾನು ಫೋಟೊ ನೋಡಿ ವಾಪಸ್ ಕೊಟ್ಟೆ. ಹೆಸರಿನ ಜಾಗ ಖಾಲಿ ಬಿಟ್ಟೆ.

ವಿಷಯ: ಛತ್ರಿ ಅಳವಡಿಸಲು ಅನುಮತಿ ಕೋರಿ. ಇಲ್ಲಿಯವರೆಗೆ ತೊಂದರೆ ಇಲ್ಲ.

ಮಾನ್ಯರೇ, ನಾನು ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲದಿಂದ ಈ ಸ್ಥಳದಲ್ಲಿ ಹೂವಿನ ವ್ಯಾಪಾರ ಮಾಡಿಕೊಂಡು ಬಂದಿರುತ್ತೇನೆ. ಸರಿ. ಈಗ ಛತ್ರಿ ಯಾಕೆ ಬೇಕು ಅಂತ ಬರೆಯಬೇಕು. ನೆರಳಿಲ್ಲ. ನೆರಳು ಯಾಕಿಲ್ಲ?

"ಸದರಿ ಸ್ಥಳದಲ್ಲಿದ್ದ ಹೊಂಗೆ ಮರವನ್ನು ತೆರವುಗೊಳಿಸಲಾಗಿರುವುದರಿಂದ" ಅಂತ ಬರೆದೆ. ಪೆನ್ನು ತಾನಾಗಿಯೇ ಬರೆಯಿತು. ಬರೆದು ಓದಿದೆ.

ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಸುತ್ತೇನೆ. ರಾಮನು ಮರವನ್ನು ಕಡಿದನು. ರಾಮನಿಂದ ಮರವು ಕಡಿಯಲ್ಪಟ್ಟಿತು. ಹೋದ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ್ದ, "ಮಿಸ್, 'ರಾಮನಿಂದ' ಅನ್ನೋದನ್ನ ಬಿಟ್ಟುಬಿಟ್ರೂ ವಾಕ್ಯ ನಿಲ್ಲುತ್ತಲ್ಲ ಮಿಸ್?" ನಿಲ್ಲುತ್ತೆ ಅಂದೆ. ಹಾಗಾದ್ರೆ ಯಾರು ಕಡಿದದ್ದು ಅಂತ ಹೇಗೆ ಗೊತ್ತಾಗುತ್ತೆ ಅಂದ. ಕ್ಲಾಸೆಲ್ಲ ನಕ್ಕಿತು. ಪರೀಕ್ಷೆಗೆ ಅದೆಲ್ಲ ಬರಲ್ಲ, ಕೂತ್ಕೋ ಅಂದೆ.

ಆ ಸಾಲು ಹೊಡೆದು ಹಾಕಿದೆ. ಬೇರೆ ಹಾಳೆ ತೆಗೆದುಕೊಂಡೆ. ಅರ್ಜಿ ಹೂವಿನಮ್ಮನ ಹೆಸರಲ್ಲಿ ಹೋಗೋದು, ನನ್ನ ಹೆಸರು ಅದರಲ್ಲಿ ಹೇಗೆ ಬರೋಕೆ ಸಾಧ್ಯ? ಬಂದರೆ ಅವರ ಕೆಲಸ ಕೆಡುತ್ತೆ. ಹಾಗಂತ ಬಿಟ್ಟರೆ ಮತ್ತೆ ಅದೇ ಜನವರಿಯ ಅರ್ಜಿ. ಅಥವಾ ಜೊತೆಗೆ ಬೇರೆಯಾಗಿ ಒಂದು ಕಾಗದ, ನನ್ನ ಹೆಸರಲ್ಲಿ, ಮರ ಒಣಗಿರಲಿಲ್ಲ ಅಂತ? ಅದನ್ನು ಓದಿ ಯಾರು ಏನು ಮಾಡುತ್ತಾರೆ? ಆ ಏಳು ಸಹಿಯವರು ಏನಂತಾರೆ? ಇವರು ಏನಂತಾರೆ ಅಂತೂ ಗೊತ್ತು.

ಗಂಟೆ ಹನ್ನೊಂದೂವರೆ. ಅತ್ತೆ ಇನ್ನೂ ಮಲಗಿಲ್ಲ, ಜಗುಲಿಯಲ್ಲಿ ಬೀಸಣಿಗೆ ಆಡಿಸುವ ಸದ್ದು ಬರುತ್ತಿದೆ. ಮೊದಲು ಇಷ್ಟು ಹೊತ್ತಿಗೆ ಆ ಕಡೆಯಿಂದ ಗಾಳಿ

ನೀರು ಬಿಟ್ಟರು. ಸಂಪ್‌ಗೆ ಬೀಳುತ್ತಿದೆ. ಮೂರು ದಿನದ ಮೇಲೆ ಬಂದಿದೆ, ಹೋಗಿ ಡ್ರಮ್ಮು ತುಂಬಿಸಬೇಕು. ವಾಲ್ವ್‌ನವರು ಇನ್ನೂ ಬೀದಿಯಲ್ಲೇ ಇರುತ್ತಾರೆ, ಹೂವಿನಮ್ಮನ ಹೆಸರು ಅವರಿಗೆ ಗೊತ್ತಿರಬಹುದು. ಕೇಳಿದರೆ, ಯಾಕೆ ಮೇಡಂ ಅಂತಾರೆ. ಆಗ