ಸೈಫರ್ ಮರೆಯಬೇಕು ಅಂದದ್ದು ಏನನ್ನು?

ಮ್ಯಾಟ್ರಿಕ್ಸ್ ಸಿನಿಮಾದಲ್ಲಿ ಜನ ಬದುಕುವ ಲೋಕವೇ ಸುಳ್ಳು, ಯಂತ್ರಗಳು ಅವರ ಮಿದುಳಿಗೆ ತೋರಿಸುವ ಕನಸು; ಅದರ ಹೆಸರೇ ಮ್ಯಾಟ್ರಿಕ್ಸ್. ಅದರ ಮಾತು ಬಂದ ಕೂಡಲೇ ಎಲ್ಲರೂ ನಿಜ ತೋರಿಸುವ ಕೆಂಪು ಗುಳಿಗೆ, ಸುಳ್ಳಲ್ಲೇ ಉಳಿಸುವ ನೀಲಿ ಗುಳಿಗೆ ಅಂತ ಶುರು ಮಾಡುತ್ತಾರೆ. ನನ್ನನ್ನು ಕಾಡುವವನು ಮಾತ್ರ ಸೈಫರ್. ಹೌದು, ಹೊರಗೆ ಬಂದ ಮೇಲೂ ತನ್ನವರನ್ನು ಯಂತ್ರಗಳಿಗೆ ಒಪ್ಪಿಸಿ ಮತ್ತೆ ಆ ಸುಳ್ಳು ಲೋಕಕ್ಕೇ ಮರಳಲು ಹೊರಟ ಆ ದ್ರೋಹಿಯೇ.

1999ರ ಮೊದಲ ಭಾಗದಲ್ಲಿ ಅವನು ಯಂತ್ರಗಳ ಕಡೆಯ ಏಜೆಂಟ್ ಸ್ಮಿತ್ ಎದುರು, ಮ್ಯಾಟ್ರಿಕ್ಸಿನೊಳಗಿನ ಹೋಟೆಲಿನಲ್ಲಿ ಕೂತು ಮಾಂಸ ತಿನ್ನುತ್ತಾನಲ್ಲ, ಅದನ್ನು ಮೊನ್ನೆ ಅಕ್ಕನ ಮಗನ ಜೊತೆ ಮತ್ತೆ ನೋಡಿದೆ. ಕಲಬುರಗಿಯ ಮೇ ಬಿಸಿಲು. ಮಧ್ಯಾಹ್ನ ಹೊರಗೆ ಕಾಲಿಡೋ ಮಾತೇ ಇಲ್ಲ, ಕೂಲರ್ ಮುಂದೆ ಕೂತು ಇನ್ನೇನು ಮಾಡೋದು? ಫೋರ್ಕಿಗೆ ಚುಚ್ಚಿದ ತುಂಡನ್ನು ಎತ್ತಿ ಹಿಡಿದು ಸೈಫರ್ ಹೇಳುತ್ತಾನೆ: ಈ ತುಂಡು ಇಲ್ಲವೇ ಇಲ್ಲ ಅಂತ ನನಗೆ ಗೊತ್ತು, ರಸ ಇದೆ, ರುಚಿ ಇದೆ ಅಂತ ಮ್ಯಾಟ್ರಿಕ್ಸೇ ನನ್ನ ಮಿದುಳಿಗೆ ಹೇಳುತ್ತಿದೆ. ಹೇಳಿ, ಸುಖವಾಗಿ ಅಗಿಯುತ್ತಾನೆ.

"ಮಾಮಾ, ಅಂವಂದೇನು ತಪ್ಪದ? ಹಡಗಿನಾಗ ಆ ಗಂಜಿ ತಿಂದು ಬ್ಯಾಸರ ಆಗ್ಯಾದ ಅಂವಗ."

ಮಾತು ಸುಳ್ಳಲ್ಲ. ನಿಜದ ಲೋಕದಲ್ಲಿ, ಬಂಡಾಯಗಾರರ ಹಡಗಿನಲ್ಲಿ, ಅವರಿಗೆ ಸಿಗುವುದು ಪ್ರೋಟೀನಿನ ಅಂಟಂಟು ಗಂಜಿ. ತಹಾರಿ ತಿಂದು ಬೆಳೆದ ಹುಡುಗನಿಗೆ ಅದನ್ನು ನೋಡಿದರೇ ಹೊಟ್ಟೆ ತೊಳಸುತ್ತದೆ.

ಈ ಸಿನಿಮಾ ಬಗ್ಗೆ ಬರೆಯುವವರು ಗ್ರೀಕ್ ತತ್ವಜ್ಞಾನಿ ಪ್ಲೇಟೋನ ಗುಹೆಯನ್ನು ಬಿಡುವುದಿಲ್ಲ. ಗುಹೆಯೊಳಗೆ ಕಟ್ಟಿಹಾಕಿದ ಜನ ಗೋಡೆಯ ಮೇಲಿನ ನೆರಳುಗಳನ್ನೇ ನಿಜ ಅಂದುಕೊಂಡಿರುವ ಕಥೆ ಅದು. ಹೊರಗೆ ಬಂದು ಸೂರ್ಯನನ್ನು ಕಂಡವನು ಏನು ಕಷ್ಟವಾದರೂ ಪಡುತ್ತಾನೆ, ಗುಹೆಯ ಬದುಕಿಗೆ ಮಾತ್ರ ಒಪ್ಪಲಾರ ಅಂತ ಅಲ್ಲಿ ಬರುತ್ತದೆ. ಗೊತ್ತಾದರೆ ಸಾಕು, ಬಿಡುಗಡೆ. ಸೈಫರ್ ಇದನ್ನೇ ಮುರಿದು ಹಾಕುತ್ತಾನೆ. ಅವನಿಗೆ ಎಲ್ಲ ಗೊತ್ತು. ಒಂಬತ್ತು ವರ್ಷ ಹೊರಗಿದ್ದು ನೋಡಿ, ಸಾಕಪ್ಪ ಅನ್ನುತ್ತಾನೆ. ಹೊನ್ನು, ಹೆಣ್ಣು, ಮಣ್ಣು ಯಾವುದೂ ಮಾಯೆಯಲ್ಲ, ಮನದ ಮುಂದಿನ ಆಸೆಯೇ ಮಾಯೆ ಅಂತ 12ನೇ ಶತಮಾನದಲ್ಲೇ ಅಲ್ಲಮ ಹೇಳಿದ್ದ. ಅಲ್ಲಮನ ಕಣ್ಣಿಂದ ನೋಡಿದರೆ ಸೈಫರ್ ಮ್ಯಾಟ್ರಿಕ್ಸಿನಿಂದ ಹೊರಗೆ ಬಂದೇ ಇರಲಿಲ್ಲ. (2003ರ ಎರಡನೇ ಭಾಗದಲ್ಲಿ ಮ್ಯಾಟ್ರಿಕ್ಸ್ ಕಟ್ಟಿದ ಆರ್ಕಿಟೆಕ್ಟ್ ಬಂದು, ಕಥಾನಾಯಕ ನಿಯೋನ ಬಂಡಾಯವೂ ಯಂತ್ರದ ಲೆಕ್ಕದೊಳಗೇ ಇತ್ತು ಅನ್ನುತ್ತಾನೆ. ಆ ಭಾಷಣ ಸ್ವಲ್ಪ ಜಾಸ್ತಿನೇ ಆಯ್ತು.)

ಅಮೆರಿಕದ ತತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ಒಂದು ಯಂತ್ರದ ಪ್ರಶ್ನೆ ಕೇಳಿದ್ದ. ಬೇಕಾದ ಅನುಭವವೆಲ್ಲ ಕೊಡುವ ಯಂತ್ರಕ್ಕೆ ತಲೆ ಜೋಡಿಸಿಕೊಂಡು ಬದುಕಿಡೀ ಮಲಗುತ್ತೀರಾ? ಒಳಗೆ ಹೋದ ಮೇಲೆ, ಯಂತ್ರದಲ್ಲಿದ್ದೇನೆ ಅನ್ನೋದೂ ಗೊತ್ತಾಗಲ್ಲ. ನೋಜಿಕ್ ಬೇಡ ಅಂದ. ಸೈಫರ್ ಹ್ಞೂಂ ಅಂದ, ಮತ್ತೆ ಒಂದು ಷರತ್ತು ಹಾಕಿದ: ನನಗೆ ಏನೂ ನೆನಪಿರಬಾರದು.

ಇಲ್ಲೇ ನನಗೆ ತಡೆಯುತ್ತದೆ. ಸುಳ್ಳು ಅಂತ ಗೊತ್ತಿದ್ದೂ ಆ ಮಾಂಸ ಅವನಿಗೆ ರುಚಿಯಾಗೇ ಇದೆ ಅಲ್ವಾ? ಮತ್ತೆ ಮರೆವು ಯಾಕೆ ಬೇಕು? ಮಾಂಸಕ್ಕಂತೂ ಬೇಡ. ತನ್ನನ್ನು ನಂಬಿದ ಹಡಗಿನ ನಾಯಕ ಮಾರ್ಫಿಯಸ್‌ನನ್ನು ಹಿಡಿದುಕೊಡಲು ಹೊರಟಿದ್ದಾನಲ್ಲ, ಅದಕ್ಕೆ ಬೇಕು.

ಹುಡುಗ ಒಪ್ಪಲಿಲ್ಲ. "ನೆನಪೇ ಇರಲ್ಲಂದ್ರ ಅಂವಗೇನು ನಷ್ಟ ಮಾಮಾ?"

ಅವನಿಗೇನೂ ಇಲ್ಲ. ಆದರೆ ಅದೇ ಹಡಗಿನ ಜೊತೆಗಾರರು ಅಪೋಕ್ ಇದ್ದ, ಸ್ವಿಚ್ ಇದ್ದಳು. ಅವರ ಮನಸ್ಸು ಮ್ಯಾಟ್ರಿಕ್ಸಿನೊಳಗೆ ಇರುವಾಗಲೇ ಸೈಫರ್ ಹಡಗಿನಲ್ಲಿ ಅವರ ಪ್ಲಗ್ ಕಿತ್ತು ಸಾಯಿಸುತ್ತಾನೆ. ಅಪೋಕ್ ಕಣ್ಣೆದುರೇ ಕುಸಿದದ್ದನ್ನು ನೋಡಿ, ಮುಂದಿನ ಸರದಿ ತನ್ನದು ಅಂತ ಗೊತ್ತಾಗಿ, "ಹೀಗಲ್ಲ" ಅನ್ನುತ್ತಾಳೆ ಸ್ವಿಚ್. ಬೇರೆಯವರೂ ಬೇಕಾದರೆ ಯಂತ್ರಕ್ಕೆ ಜೋಡಿಸಿಕೊಳ್ಳಬಹುದು, ಅವರಿಗೋಸ್ಕರ ನೀವು ಹೊರಗೆ ಉಳಿಯಬೇಕಿಲ್ಲ ಅಂತ ನೋಜಿಕ್ ಒಂದೇ ಮಾತಿನಲ್ಲಿ ಈ ವಿಷಯ ಬದಿಗಿಟ್ಟುಬಿಟ್ಟಿದ್ದ. ಸಿನಿಮಾ ಅಷ್ಟು ಸುಲಭವಾಗಿ ಬಿಡುವುದಿಲ್ಲ.